ಮತ ಕೇಳಿ ಬಂದ ರಾಜ: ನಾರ್ವೆಯ ಏಳನೆಯ ಹೋಕನ್

ಪ್ರಶ್ನೆ: ನಾರ್ವೆಯ ರಾಜರಾಗಿದ್ದ ಏಳನೆಯ ಹೋಕನ್ ಮೂಲತಃ ಡೆನ್ಮಾರ್ಕಿನ ರಾಜಕುಮಾರರೆಂದೂ ಅವರನ್ನು ನಾರ್ವೆಯ ಜನ ಮತ ಹಾಕಿ ಕರೆಸಿಕೊಂಡರೆಂದೂ ಓದಿದೆ. ಹೊರದೇಶದವರೊಬ್ಬರು ಹೀಗೆ ರಾಜರಾಗಲು ಸಾಧ್ಯವಾದದ್ದು ಹೇಗೆ? 1940ರಲ್ಲಿ ಜರ್ಮನ್ ಸೇನೆ ನುಗ್ಗಿದಾಗ ಅವರ ಅಣ್ಣ, ಅಂದರೆ ಡೆನ್ಮಾರ್ಕಿನ ರಾಜರು, ತಮ್ಮ ಜನರ ನಡುವೆಯೇ ಉಳಿದರೆ ಹೋಕನ್ ಇಂಗ್ಲೆಂಡಿಗೆ ಹೋದರು. ಆದರೂ ನಾರ್ವೆಯವರು ಅವರನ್ನು ದೇಶ ಬಿಟ್ಟು ಓಡಿದ ರಾಜನೆಂದು ಏಕೆ ಎಣಿಸಲಿಲ್ಲ?

ಉತ್ತರ: ನೀವು ಕೇಳಿರುವುದು ಎರಡು ಪ್ರಶ್ನೆಗಳಂತೆ ಕಂಡರೂ ಅವೆರಡರ ಬೇರು ಒಂದೇ. 1905ರಲ್ಲಿ ಸಿಂಹಾಸನವನ್ನು ಒಪ್ಪಿಕೊಳ್ಳುವ ಮೊದಲು ಆ ರಾಜಕುಮಾರರು ಹಾಕಿದ ಷರತ್ತನ್ನು ಸರಿಯಾಗಿ ಅರ್ಥಮಾಡಿಕೊಂಡರೆ 1940ರಲ್ಲಿ ಅವರು ನಡೆದುಕೊಂಡ ರೀತಿ ತಾನಾಗಿಯೇ ಅರ್ಥವಾಗುತ್ತದೆ. ಹಾಗಾಗಿ ಮೊದಲ ಪ್ರಶ್ನೆಗೆ ಕೊಂಚ ವಿಸ್ತಾರವಾಗಿಯೇ ಉತ್ತರಿಸುತ್ತೇನೆ. ಹೆಸರಿನ ಬಗ್ಗೆ ಒಂದು ಮಾತು: ನಮ್ಮ ಪತ್ರಿಕೆಗಳಲ್ಲಿ ಈ ಹೆಸರು ‘ಹಾಕನ್’ ಎಂದೂ ಅಚ್ಚಾಗುತ್ತದೆ. ನಾರ್ವೆಯ ಬರವಣಿಗೆಯಲ್ಲಿ ಜೋಡಿಯಾಗಿ ಬರುವ ಆ ಸ್ವರದ ಉಚ್ಚಾರ ಓಕಾರಕ್ಕೆ ಹತ್ತಿರವಾದ್ದರಿಂದ ನಾನು ‘ಹೋಕನ್’ ಎಂದು ಬರೆಯುತ್ತಿದ್ದೇನೆ.

ಅವರು ಹುಟ್ಟಿದ್ದು 1872ರ ಆಗಸ್ಟ್ 3ರಂದು, ಕೋಪನ್‌ಹೇಗನ್ ಹತ್ತಿರದ ಶಾರ್ಲಾಟನ್‌ಲುಂಡ್ ಅರಮನೆಯಲ್ಲಿ. ಆಗ ಅವರ ಹೆಸರು ಕಾರ್ಲ್. ಅಜ್ಜ ಒಂಬತ್ತನೆಯ ಕ್ರಿಶ್ಚಿಯನ್ ಡೆನ್ಮಾರ್ಕಿನ ರಾಜರು. ತಂದೆ ಯುವರಾಜರು, ಮುಂದೆ ಎಂಟನೆಯ ಫ್ರೆಡರಿಕ್ ಎಂದು ಪಟ್ಟಕ್ಕೆ ಬಂದವರು. ಕಾರ್ಲ್ ಎರಡನೆಯ ಮಗ. ಪಟ್ಟ ಅಣ್ಣ ಕ್ರಿಶ್ಚಿಯನ್‌ಗೆ ಸಲ್ಲಬೇಕಾದದ್ದರಿಂದ ತಮ್ಮನನ್ನು ನೌಕಾಪಡೆಗೆ ಸೇರಿಸಿದರು. ಅಲ್ಲಿ ಅವರು ಉಳಿದ ಅಧಿಕಾರಿಗಳಂತೆಯೇ ತರಬೇತಿ ಪಡೆದು ಹಡಗುಗಳಲ್ಲಿ ಕೆಲಸ ಮಾಡಿದರು. 1896ರಲ್ಲಿ ಲಂಡನ್ನಿನ ಬಕಿಂಗ್‌ಹ್ಯಾಂ ಅರಮನೆಯಲ್ಲಿ ಬ್ರಿಟನ್ನಿನ ರಾಜಕುಮಾರಿ ಮಾಡ್ ಅವರೊಡನೆ ಮದುವೆಯಾಯಿತು. ಈ ಮಾಡ್ ನಮ್ಮ ಇತಿಹಾಸಕ್ಕೂ ಪರೋಕ್ಷವಾಗಿ ಸಂಬಂಧಪಟ್ಟವರು: ಅವರ ತಂದೆ ಏಳನೆಯ ಎಡ್ವರ್ಡ್ ಭಾರತದ ಚಕ್ರವರ್ತಿ ಎನಿಸಿಕೊಂಡಿದ್ದವರು, 1911ರಲ್ಲಿ ದೆಹಲಿ ದರ್ಬಾರು ನಡೆಸಿದ ಐದನೆಯ ಜಾರ್ಜ್ ಅವರ ಅಣ್ಣ. 1903ರಲ್ಲಿ ಕಾರ್ಲ್–ಮಾಡ್ ದಂಪತಿಗೆ ಇಂಗ್ಲೆಂಡಿನ ಸ್ಯಾಂಡ್ರಿಂಗ್‌ಹ್ಯಾಂನಲ್ಲಿ ಅಲೆಕ್ಸಾಂಡರ್ ಎಂಬ ಮಗ ಹುಟ್ಟಿದ. ಅಲ್ಲಿಯವರೆಗೆ ಅವರದು ಯಾವ ಇತಿಹಾಸಕಾರರೂ ಗಮನಿಸುವ ಅಗತ್ಯವಿಲ್ಲದ ಒಂದು ಶಾಂತ ಸಂಸಾರವಾಗಿತ್ತು.

ಈಗ ನಾರ್ವೆಯ ಕಡೆಗೆ ಬರೋಣ. ಮಧ್ಯಯುಗದಲ್ಲಿ ಸ್ವತಂತ್ರವಾಗಿದ್ದ ಆ ದೇಶ ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಡೆನ್ಮಾರ್ಕಿನೊಡನೆ ಒಂದೇ ಕಿರೀಟದ ಕೆಳಗೆ ಸೇರಿಹೋಯಿತು. 1814ರಲ್ಲಿ, ನೆಪೋಲಿಯನ್ ಯುದ್ಧಗಳ ಕೊನೆಯ ಗೊಂದಲದಲ್ಲಿ ಡೆನ್ಮಾರ್ಕ್ ನಾರ್ವೆಯನ್ನು ಕಳೆದುಕೊಂಡಿತು. ಅದೇ ವರ್ಷ ಮೇ 17ರಂದು ಐಡ್ಸ್‌ವೋಲ್ ಎಂಬ ಊರಿನಲ್ಲಿ ಸೇರಿದ ಸಭೆ ನಾರ್ವೆಗೆ ತನ್ನದೇ ಸಂವಿಧಾನವನ್ನು ರಚಿಸಿಕೊಟ್ಟಿತು. ಆದರೆ ಕೆಲವೇ ತಿಂಗಳುಗಳಲ್ಲಿ ಆ ದೇಶ ಸ್ವೀಡನ್ನಿನ ರಾಜನನ್ನು ತನ್ನ ರಾಜನೆಂದು ಒಪ್ಪಿಕೊಳ್ಳಬೇಕಾಯಿತು. ಹೀಗೆ ನಾರ್ವೆಗೆ ಸ್ವಂತ ಸಂವಿಧಾನವಿತ್ತು, ‘ಸ್ಟೋರ್ಟಿಂಗ್’ ಎಂಬ ಸ್ವಂತ ಸಂಸತ್ತಿತ್ತು, ಆದರೆ ರಾಜ ಮಾತ್ರ ಸ್ಟಾಕ್‌ಹೋಮಿನಲ್ಲಿದ್ದ. ವಿದೇಶಾಂಗ ವ್ಯವಹಾರವೂ ಅಲ್ಲಿಂದಲೇ ನಡೆಯುತ್ತಿತ್ತು. ಸಮುದ್ರ ವ್ಯಾಪಾರವನ್ನೇ ನಂಬಿದ್ದ, ಬಹುದೊಡ್ಡ ಹಡಗುಪಡೆಯಿದ್ದ ನಾರ್ವೆಗೆ ಹೊರದೇಶದ ಬಂದರುಗಳಲ್ಲಿ ತನ್ನದೇ ಕಾನ್ಸುಲ್‌ಗಳು, ಅಂದರೆ ತನ್ನ ವ್ಯಾಪಾರಿಗಳ ಮತ್ತು ನಾವಿಕರ ಹಿತ ನೋಡಿಕೊಳ್ಳುವ ಅಧಿಕಾರಿಗಳು, ಬೇಕಾಗಿದ್ದರು. ನೋಡುವುದಕ್ಕೆ ಸಣ್ಣದಾದ ಈ ಕಾನ್ಸುಲ್ ಕಚೇರಿಗಳ ವಿಚಾರವೇ ಕೊನೆಗೆ ಒಕ್ಕೂಟವನ್ನು ಮುರಿಯಿತು.

1905ರ ಮೇ ತಿಂಗಳಲ್ಲಿ ಸ್ಟೋರ್ಟಿಂಗ್ ಪ್ರತ್ಯೇಕ ಕಾನ್ಸುಲ್ ಸೇವೆಯ ಮಸೂದೆಯನ್ನು ಅಂಗೀಕರಿಸಿತು. ರಾಜ ಎರಡನೆಯ ಆಸ್ಕರ್ ಅಂಕಿತ ಹಾಕಲಿಲ್ಲ. ಪ್ರಧಾನಿ ಕ್ರಿಶ್ಚಿಯನ್ ಮಿಕೆಲ್ಸನ್ ಮತ್ತು ಅವರ ಮಂತ್ರಿಗಳು ರಾಜೀನಾಮೆ ಕೊಟ್ಟರು. ಸದ್ಯಕ್ಕೆ ಬೇರೊಂದು ಸರ್ಕಾರವನ್ನು ರಚಿಸುವುದು ಸಾಧ್ಯವಿಲ್ಲವೆಂದು ರಾಜರು ರಾಜೀನಾಮೆಯನ್ನು ಒಪ್ಪಲಿಲ್ಲ. ಮಿಕೆಲ್ಸನ್ ಈ ಮಾತನ್ನೇ ಹಿಡಿದುಕೊಂಡರು. ಸಂವಿಧಾನದ ಪ್ರಕಾರ ಸರ್ಕಾರವನ್ನು ಒದಗಿಸಿಕೊಡುವುದು ರಾಜನ ಕರ್ತವ್ಯ, ಅದು ತನ್ನಿಂದಾಗದು ಎಂದು ರಾಜರೇ ಹೇಳಿದ ಮೇಲೆ ಅವರ ರಾಜಾಧಿಕಾರ ನಿಂತುಹೋದಂತಾಯಿತು, ಅಧಿಕಾರ ನಿಂತುಹೋದ ಕಾರಣ ಒಬ್ಬನೇ ರಾಜನ ಕೆಳಗಿನ ಒಕ್ಕೂಟವೂ ಕೊನೆಗೊಂಡಿತು ಎಂಬ ನಿರ್ಣಯವನ್ನು ಜೂನ್ 7ರಂದು ಸ್ಟೋರ್ಟಿಂಗ್ ಒಮ್ಮತದಿಂದ ಸ್ವೀಕರಿಸಿತು. ತೊಂಬತ್ತೊಂದು ವರ್ಷಗಳ ಒಕ್ಕೂಟವನ್ನು ಮುಗಿಸಿದ ಆ ಘೋಷಣೆಯನ್ನು ನಿರ್ಣಯದ ಮುಖ್ಯ ವಾಕ್ಯದಲ್ಲಿಯೂ ಇಡದೆ ಒಂದು ಉಪವಾಕ್ಯದಲ್ಲಿ ಅಡಕಮಾಡಿದ್ದರು. ಮುಖ್ಯ ವಾಕ್ಯ ಹೇಳಿದ್ದು ಮಂತ್ರಿಮಂಡಲ ತಾತ್ಕಾಲಿಕವಾಗಿ ಮುಂದುವರಿಯಲಿ ಎಂದು ಮಾತ್ರ. ಕಾನೂನಿನ ಭಾಷೆಯನ್ನು ಇಷ್ಟು ಜಾಣ್ಮೆಯಿಂದ ಬಳಸಿ ರಕ್ತಪಾತವಿಲ್ಲದೆ ಸ್ವತಂತ್ರವಾದ ದೇಶಗಳು ವಿರಳ. ಆಗಸ್ಟ್ 13ರಂದು ಜನಮತ ಕೇಳಿದಾಗ ವಿಭಜನೆಯ ಪರವಾಗಿ 3,68,208 ಮತಗಳು ಬಂದವು, ವಿರೋಧವಾಗಿ ಕೇವಲ 184. ಹೆಂಗಸರಿಗೆ ಆಗಿನ್ನೂ ಮತದ ಹಕ್ಕಿರಲಿಲ್ಲ. ಮಹಿಳಾ ಸಂಘಟನೆಗಳು ಊರೂರು ತಿರುಗಿ ಎರಡು ಲಕ್ಷಕ್ಕೂ ಹೆಚ್ಚು ಸಹಿಗಳನ್ನು ಸಂಗ್ರಹಿಸಿ ತಮ್ಮ ಬೆಂಬಲವನ್ನು ಸಂಸತ್ತಿಗೆ ತಲುಪಿಸಿದವು. ಆ ಹೆಂಗಸರಿಗೆ ಮತದ ಹಕ್ಕು ದೊರೆಯಲು 1913ರವರೆಗೆ ಕಾಯಬೇಕಾಯಿತು ಎನ್ನುವುದನ್ನು ಇಲ್ಲಿ ಹೇಳದೆ ಬಿಡುವುದು ಸರಿಯಲ್ಲ.

ಒಕ್ಕೂಟ ಮುರಿಯಿತು, ಮುಂದೆ ಗಣರಾಜ್ಯವೋ ಅರಸೊತ್ತಿಗೆಯೋ? ಗಣರಾಜ್ಯ ಬೇಕೆನ್ನುವವರು ನಾರ್ವೆಯಲ್ಲಿ ಕಡಿಮೆಯೇನೂ ಇರಲಿಲ್ಲ. ಆದರೆ ಯುರೋಪಿನ ಬಹುಪಾಲು ದೇಶಗಳಲ್ಲಿ ಆಗ ರಾಜರೇ ಇದ್ದರು. ಹೊಸ ದೇಶಕ್ಕೆ ಅವರೆಲ್ಲರ ಮನ್ನಣೆ ಬೇಗ ದೊರೆಯಬೇಕಾದರೆ ಅರಸೊತ್ತಿಗೆಯೇ ಕ್ಷೇಮವೆಂದು ಮಿಕೆಲ್ಸನ್ ಸರ್ಕಾರ ಭಾವಿಸಿತು. ಸ್ವೀಡನ್ನಿನ ರಾಜಮನೆತನದ ಕಿರಿಯ ರಾಜಕುಮಾರರೊಬ್ಬರನ್ನು ಕಳುಹಿಸಿಕೊಡಿ ಎಂದು ಸೌಜನ್ಯದಿಂದಲೇ ಕೇಳಲಾಯಿತು. ನೊಂದಿದ್ದ ಆಸ್ಕರ್ ಒಪ್ಪಲಿಲ್ಲ. ಆಗ ಎಲ್ಲರ ದೃಷ್ಟಿ ಕಾರ್ಲ್ ಕಡೆಗೆ ಹೊರಳಿತು. ಕಾರಣಗಳು ಸ್ಪಷ್ಟವಾಗಿದ್ದವು. ಅವರು ಸ್ಕ್ಯಾಂಡಿನೇವಿಯದವರು, ಅವರ ಡೇನಿಶ್ ಭಾಷೆ ನಾರ್ವೆಯ ಬರವಣಿಗೆಗೆ ತೀರ ಹತ್ತಿರವಾಗಿತ್ತು, ಹೆಂಡತಿಯ ಮೂಲಕ ಬ್ರಿಟನ್ನಿನ ನೌಕಾಬಲದ ಸ್ನೇಹ ಸಿಗುತ್ತಿತ್ತು, ಜೊತೆಗೆ ಎರಡು ವರ್ಷದ ಮಗನಿದ್ದ, ಉತ್ತರಾಧಿಕಾರಿಯ ಚಿಂತೆಯಿರಲಿಲ್ಲ. ಹೊರಗಿನವರು ಎಂದು ನೀವು ಕರೆದಿರುವುದಕ್ಕೆ ಒಂದು ಸಣ್ಣ ತಿದ್ದುಪಡಿಯನ್ನೂ ಸೇರಿಸಬೇಕು: ಅವರ ತಾಯಿ ಲೂಯಿಸ್ ಸ್ವೀಡನ್–ನಾರ್ವೆಗಳೆರಡಕ್ಕೂ ರಾಜನಾಗಿದ್ದ ಹದಿನೈದನೆಯ ಕಾರ್ಲನ ಮಗಳು. ಅಂದರೆ ತಾಯಿಯ ಕಡೆಯಿಂದ ಅವರು ನಾರ್ವೆಯ ರಾಜರೊಬ್ಬರ ಮೊಮ್ಮಗ.

ಮಾತುಕತೆಗೆ ಧ್ರುವಪ್ರದೇಶದ ಅನ್ವೇಷಕ ಫ್ರಿತ್ಯೋಫ್ ನಾನ್ಸೆನ್ ಅವರೂ ಕೋಪನ್‌ಹೇಗನ್ನಿಗೆ ಹೋದರು. ನಾರ್ವೆಯ ಸರ್ಕಾರಕ್ಕೆ ಆತುರವಿತ್ತು. ಸ್ಟೋರ್ಟಿಂಗ್ ಆರಿಸಿಬಿಟ್ಟರೆ ಸಾಕು, ಕೂಡಲೇ ಬಂದುಬಿಡಿ ಎನ್ನುವುದು ಅವರ ಅಪೇಕ್ಷೆ. ನಾನು ಮೊದಲಲ್ಲಿ ಹೇಳಿದ ಷರತ್ತು ಇಲ್ಲಿ ಬಂತು. ನಾರ್ವೆಯಲ್ಲಿ ಗಣರಾಜ್ಯವನ್ನು ಬಯಸುವವರಿದ್ದಾರೆಂದು ಕಾರ್ಲ್‌ಗೆ ಗೊತ್ತಿತ್ತು. ಸಂಸತ್ತಿನ ಒಂದು ಪಕ್ಷ ಕರೆದದ್ದಕ್ಕೆ ಬಂದ ರಾಜ ಎಂಬ ಹೆಸರು ತಮಗೆ ಬೇಡ, ಅರಸೊತ್ತಿಗೆ ಬೇಕೇ ಬೇಡವೇ ಎಂದು ಜನರನ್ನೇ ಕೇಳಿ, ಅವರು ಬೇಕೆಂದರೆ ಮಾತ್ರ ಬರುತ್ತೇನೆ ಎಂದು ಅವರು ಪಟ್ಟು ಹಿಡಿದರು. ಸೋಲಬಹುದಾದ ಒಂದು ಮತದಾನವನ್ನು, ಯಾರೂ ಒತ್ತಾಯಿಸದಿದ್ದಾಗ, ಸಿಂಹಾಸನಕ್ಕೆ ಏರಬೇಕಾದವರೇ ಕೇಳಿ ಪಡೆದದ್ದು ಇದು. ನವೆಂಬರ್ 12 ಮತ್ತು 13ರಂದು ಮತದಾನ ನಡೆಯಿತು. ಪರವಾಗಿ 2,59,563, ವಿರೋಧವಾಗಿ 69,264. ನೂರಕ್ಕೆ ಸುಮಾರು ಎಪ್ಪತ್ತೊಂಬತ್ತು ಮಂದಿ ಅರಸೊತ್ತಿಗೆ ಬೇಕೆಂದರು. 18ರಂದು ಸ್ಟೋರ್ಟಿಂಗ್ ಅವರನ್ನು ರಾಜರೆಂದು ಸರ್ವಾನುಮತದಿಂದ ಆರಿಸಿತು. ಗಣರಾಜ್ಯವಾದಿ ಸದಸ್ಯರೂ ಜನಮತಕ್ಕೆ ತಲೆಬಾಗಿ ಅವರಿಗೇ ಮತ ಕೊಟ್ಟರು.

ಅಜ್ಜನ ಅನುಮತಿ ಪಡೆದು ತಾವು ಒಪ್ಪಿರುವುದಾಗಿ ತಂತಿ ಕಳುಹಿಸಿದ ಕಾರ್ಲ್, ಅದರಲ್ಲಿಯೇ ತಮ್ಮ ಹೆಸರನ್ನು ಹೋಕನ್ ಎಂದೂ ಮಗನ ಹೆಸರನ್ನು ಓಲಾವ್ ಎಂದೂ ಬದಲಿಸಿಕೊಳ್ಳುವುದಾಗಿ ತಿಳಿಸಿದರು. ಈ ಆಯ್ಕೆ ಬರಿಯ ಅಲಂಕಾರವಲ್ಲ. ಡೆನ್ಮಾರ್ಕಿನೊಡನೆ ಸೇರಿಹೋಗುವ ಮೊದಲು ನಾರ್ವೆಯನ್ನು ಆಳಿದ ಕೊನೆಯ ರಾಜರಲ್ಲಿ ಆರನೆಯ ಹೋಕನ್ 1380ರಲ್ಲಿಯೂ ಅವನ ಮಗ ಓಲಾವ್ 1387ರಲ್ಲಿಯೂ ತೀರಿಕೊಂಡಿದ್ದರು. ಐನೂರು ವರ್ಷಗಳ ಹಿಂದೆ ಎಲ್ಲಿ ಎಳೆ ಕಡಿದಿತ್ತೋ ಅಲ್ಲಿಂದಲೇ, ಅದೇ ತಂದೆ–ಮಗನ ಹೆಸರಿನಲ್ಲಿ, ಗಂಟುಹಾಕಿದಂತಾಯಿತು. 1905ರ ನವೆಂಬರ್ 25ರಂದು ಹಿಮ ಬೀಳುತ್ತಿರುವಾಗ ಎತ್ತರದ, ತೆಳ್ಳಗಿನ ರಾಜರು ಪುಟ್ಟ ಓಲಾವನನ್ನು ತೋಳಿನಲ್ಲೆತ್ತಿಕೊಂಡು ‘ಹೈಮ್‌ಡಾಲ್’ ಹಡಗನ್ನೇರಿ ಮಿಕೆಲ್ಸನ್ ಅವರ ಕೈಕುಲುಕಿದ ಚಿತ್ರ ಇಂದಿಗೂ ನಾರ್ವೆಯ ಶಾಲಾಪುಸ್ತಕಗಳಲ್ಲಿದೆ. ಎರಡು ದಿನಗಳ ನಂತರ ಸ್ಟೋರ್ಟಿಂಗ್ ಎದುರು ಸಂವಿಧಾನಕ್ಕೆ ಬದ್ಧರಾಗಿರುವ ಪ್ರಮಾಣ ಸ್ವೀಕರಿಸಿದರು. ‘ಎಲ್ಲವೂ ನಾರ್ವೆಗಾಗಿ’ ಎಂಬುದನ್ನು ಧ್ಯೇಯವಾಕ್ಯವಾಗಿ ಆರಿಸಿಕೊಂಡರು. 1906ರ ಜೂನ್ 22ರಂದು ಟ್ರಾಂಡ್‌ಹೈಮಿನ ನಿದಾರೋಸ್ ಮಹಾದೇವಾಲಯದಲ್ಲಿ ಕಿರೀಟಧಾರಣೆಯೂ ಆಯಿತು. ಅದೇ ಕೊನೆಯದು, 1908ರಲ್ಲಿ ಕಿರೀಟಧಾರಣೆಯ ವಿಧಿಯನ್ನೇ ಸಂವಿಧಾನದಿಂದ ತೆಗೆದುಹಾಕಿದರು.

ಮುಂದಿನ ಇಪ್ಪತ್ತು ವರ್ಷಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ರಾಜದಂಪತಿ ಹಿಮದಲ್ಲಿ ಜಾರುಪಟ್ಟಿ ಕಟ್ಟಿಕೊಂಡು ಓಡಾಡುವುದನ್ನು ಕಲಿತರು, ದೇಶವನ್ನು ಸುತ್ತಿದರು, ಮಗನನ್ನು ಊರಿನ ಮಕ್ಕಳೊಡನೆ ಬೆಳೆಸಿದರು. ನಾರ್ವೆಯ ಅನ್ವೇಷಕ ಅಮುಂಡ್ಸೆನ್ 1911ರ ಡಿಸೆಂಬರಿನಲ್ಲಿ ದಕ್ಷಿಣ ಧ್ರುವವನ್ನು ತಲುಪಿದಾಗ ಅಲ್ಲಿನ ಪ್ರಸ್ಥಭೂಮಿಗೆ ಏಳನೆಯ ಹೋಕನ್ ಅವರ ಹೆಸರಿಟ್ಟರು. ರಾಜರ ಕೈಯಲ್ಲಿ ನೇರ ಅಧಿಕಾರವೆಂಬುದು ಹೆಚ್ಚೇನೂ ಇರಲಿಲ್ಲ. ನಮ್ಮ ರಾಷ್ಟ್ರಪತಿಗಳ ಹಾಗೆಯೇ ಅವರೂ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕಾಗಿತ್ತು. ಆದರೆ ಯಾವ ಪಕ್ಷಕ್ಕೂ ಬಹುಮತವಿಲ್ಲದಾಗ ಯಾರನ್ನು ಕರೆಯಬೇಕು ಎಂಬ ಪ್ರಶ್ನೆಯಲ್ಲಿ ರಾಜರ ವಿವೇಕಕ್ಕೆ ಎಡೆಯಿತ್ತು, ಮತ್ತು ಅಂಥದೊಂದು ಸಂದರ್ಭ 1928ರ ಜನವರಿಯಲ್ಲಿ ಬಂತು.

ಹಿಂದಿನ ವರ್ಷದ ಚುನಾವಣೆಯಲ್ಲಿ ಕಾರ್ಮಿಕ ಪಕ್ಷ 150ರಲ್ಲಿ 59 ಸ್ಥಾನ ಗೆದ್ದು ಅತಿ ದೊಡ್ಡ ಪಕ್ಷವಾಗಿತ್ತು. ಅದು ಆಗಿನ್ನೂ ಕ್ರಾಂತಿಯ ಮಾತಾಡುತ್ತಿದ್ದ, ರಾಜಪ್ರಭುತ್ವವನ್ನು ಒಪ್ಪದ ಪಕ್ಷ. ರಷ್ಯಾದಲ್ಲಿ ಚಕ್ರವರ್ತಿಯ ಕುಟುಂಬಕ್ಕೆ ಒದಗಿದ ಗತಿ ಎಲ್ಲರ ನೆನಪಿನಲ್ಲಿ ಹಸಿಯಾಗಿತ್ತು. ಆ ಚಕ್ರವರ್ತಿಯ ತಾಯಿ ಹೋಕನ್‌ಗೆ ಸ್ವಂತ ಸೋದರತ್ತೆ. ಅಂಥ ಪಕ್ಷಕ್ಕೆ ಸರ್ಕಾರವನ್ನು ಒಪ್ಪಿಸುವುದು ಬಲಪಂಥೀಯ ನಾಯಕರಿಗೆ ಸಹ್ಯವಾಗಿರಲಿಲ್ಲ. ಆದರೂ ರಾಜರು ಆ ಪಕ್ಷದ ಕ್ರಿಸ್ಟೋಫರ್ ಹೊರ್ನ್ಸ್ರುದ್ ಅವರನ್ನು ಕರೆದು ಸರ್ಕಾರ ರಚಿಸಲು ಹೇಳಿದರು. ತಾವು ಕಮ್ಯುನಿಸ್ಟರಿಗೂ ರಾಜರೇ ಎಂದು ಅವರು ಆಗ ಹೇಳಿದರೆನ್ನುವ ಮಾತು ನಾರ್ವೆಯಲ್ಲಿ ಪ್ರಸಿದ್ಧವಾಗಿದೆ. ಆ ಸರ್ಕಾರ ಹದಿನೆಂಟೇ ದಿನ ಉಳಿಯಿತು. ಆದರೆ ಆ ಹದಿನೆಂಟು ದಿನಗಳಿಂದ ಆದ ಕೆಲಸವನ್ನು ನಾನು ಬಹಳ ದೊಡ್ಡದೆಂದೇ ಎಣಿಸುತ್ತೇನೆ. 1905ರಲ್ಲಿ ವಿರೋಧವಾಗಿ ಬಿದ್ದ 69,264 ಮತಗಳ ವಾರಸುದಾರರಿಗೆ, ಈ ಸಿಂಹಾಸನ ತಮ್ಮ ವಿರುದ್ಧ ಪಕ್ಷ ಕಟ್ಟುವುದಿಲ್ಲ ಎಂಬ ನಂಬಿಕೆ ಹುಟ್ಟಿತು. 1935ರಲ್ಲಿ ಅದೇ ಕಾರ್ಮಿಕ ಪಕ್ಷ ಯೋಹಾನ್ ನೀಗೋರ್ಸ್‌ವೋಲ್ ಅವರ ನಾಯಕತ್ವದಲ್ಲಿ ಗಟ್ಟಿಯಾಗಿ ಅಧಿಕಾರಕ್ಕೆ ಬಂತು. ಮರದ ಮಿಲ್ಲುಗಳಲ್ಲಿ ದುಡಿದು ಬಂದ ಆ ಪ್ರಧಾನಿ ಮತ್ತು ಅರಮನೆಯಲ್ಲಿ ಹುಟ್ಟಿದ ಈ ರಾಜ ಐದು ವರ್ಷಗಳ ನಂತರ ಕಾಡಿನ ಹಿಮದಲ್ಲಿ ಒಟ್ಟಿಗೆ ನಿಲ್ಲಬೇಕಾಯಿತು.

ರಾಣಿ ಮಾಡ್ 1938ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. 1940ರ ಏಪ್ರಿಲ್ 9ರ ನಸುಕಿನಲ್ಲಿ ಜರ್ಮನ್ ಪಡೆಗಳು ನಾರ್ವೆ ಮತ್ತು ಡೆನ್ಮಾರ್ಕ್ ಎರಡರ ಮೇಲೂ ಎರಗಿದಾಗ ಹೋಕನ್ ಅರವತ್ತೇಳು ವರ್ಷದ ವಿಧುರರು. ಡೆನ್ಮಾರ್ಕ್ ಕೆಲವೇ ಗಂಟೆಗಳಲ್ಲಿ ಶರಣಾಯಿತು. ನಾರ್ವೆಯಲ್ಲಿ ಬೇರೆಯಾದದ್ದಕ್ಕೆ ಒಂದು ಹಳೆಯ ಕೋಟೆ ಕಾರಣ. ಓಸ್ಲೋಗೆ ಹೋಗುವ ಕಿರಿದಾದ ಸಮುದ್ರದ ಹಾದಿಯಲ್ಲಿರುವ ಓಸ್ಕರ್ಸ್‌ಬೋರ್ಗ್ ಕೋಟೆಯ ಅಧಿಪತಿ ಕರ್ನಲ್ ಬಿರ್ಗರ್ ಎರಿಕ್ಸನ್, ಹತ್ತೊಂಬತ್ತನೆಯ ಶತಮಾನದ ಫಿರಂಗಿಗಳನ್ನು ಹಾರಿಸಿ, ಟಾರ್ಪಿಡೋಗಳನ್ನು ಬಿಟ್ಟು, ಜರ್ಮನರ ಹೊಚ್ಚಹೊಸ ಯುದ್ಧನೌಕೆ ‘ಬ್ಲೂಷರ್’ ಅನ್ನು ಮುಳುಗಿಸಿದರು. ಆ ಫಿರಂಗಿಗಳನ್ನು ತಯಾರಿಸಿದ್ದು ಜರ್ಮನಿಯ ಕ್ರುಪ್ ಕಾರ್ಖಾನೆ. ರಾಜರನ್ನೂ ಸರ್ಕಾರವನ್ನೂ ಸೆರೆಹಿಡಿಯಬೇಕಾಗಿದ್ದ ಪಡೆ ಆ ಹಡಗಿನಲ್ಲಿತ್ತು. ಹೀಗೆ ದೊರೆತ ಕೆಲವು ಗಂಟೆಗಳ ಬಿಡುವಿನಲ್ಲಿ ರಾಜಕುಟುಂಬ, ಮಂತ್ರಿಗಳು ಮತ್ತು ಸ್ಟೋರ್ಟಿಂಗ್ ಸದಸ್ಯರು ವಿಶೇಷ ರೈಲಿನಲ್ಲಿ ಹಾಮಾರ್ ಪಟ್ಟಣಕ್ಕೆ, ಅಲ್ಲಿಂದ ಎಲ್ವೆರುಮ್‌ಗೆ ಹೋದರು. ದೇಶದ ಬ್ಯಾಂಕಿನ ಸುಮಾರು 50 ಟನ್ ಚಿನ್ನವೂ ಲಾರಿಗಳಲ್ಲಿ ರಾಜಧಾನಿಯನ್ನು ಬಿಟ್ಟಿತು. ಎಲ್ವೆರುಮ್‌ನಲ್ಲಿ ಸೇರಿದ ಸ್ಟೋರ್ಟಿಂಗ್, ತಾನು ಮತ್ತೆ ಸೇರುವವರೆಗೆ ದೇಶದ ಹಿತ ಕಾಯುವ ಪೂರ್ಣ ಅಧಿಕಾರವನ್ನು ಸರ್ಕಾರಕ್ಕೆ ವಹಿಸಿತು. ಮುಂದಿನ ಐದು ವರ್ಷಗಳ ಆಡಳಿತಕ್ಕೆ ಕಾನೂನಿನ ಆಧಾರ ಒದಗಿದ್ದು ಈ ನಿರ್ಧಾರದಿಂದ.

ಅದೇ ಸಂಜೆ ಓಸ್ಲೋದ ಆಕಾಶವಾಣಿಯಲ್ಲಿ, ನಾಜಿಗಳ ಪರವಾಗಿದ್ದ ನಾರ್ವೆಯ ರಾಜಕಾರಣಿ ವಿಡ್ಕುನ್ ಕ್ವಿಸ್ಲಿಂಗ್ ತಾನೇ ಪ್ರಧಾನಿಯೆಂದು ಘೋಷಿಸಿಕೊಂಡಿದ್ದ. ಅವನ ಪಕ್ಷಕ್ಕೆ ಸ್ಟೋರ್ಟಿಂಗ್‌ನಲ್ಲಿ ಒಂದು ಸ್ಥಾನವೂ ಇರಲಿಲ್ಲ. ಮರುದಿನ, ಏಪ್ರಿಲ್ 10ರಂದು, ಜರ್ಮನ್ ರಾಯಭಾರಿ ಕುರ್ಟ್ ಬ್ರಾಯರ್ ಎಲ್ವೆರುಮ್‌ಗೆ ಬಂದು ರಾಜರನ್ನು ಕಂಡರು. ಕ್ವಿಸ್ಲಿಂಗ್‌ನನ್ನು ಪ್ರಧಾನಿಯಾಗಿ ನೇಮಿಸಬೇಕು, ಹೋರಾಟ ನಿಲ್ಲಬೇಕು ಎನ್ನುವುದು ಹಿಟ್ಲರನ ಬೇಡಿಕೆ. ಬೇಡಿಕೆಯ ಹಿಂದೆ, ಡೆನ್ಮಾರ್ಕಿನಲ್ಲಿ ನಿಮ್ಮ ಅಣ್ಣ ಒಪ್ಪಿದಂತೆ ನೀವೂ ಒಪ್ಪಿಕೊಳ್ಳಿ ಎಂಬ ಸೂಚನೆಯಿತ್ತು. ತಾವು ಮಂತ್ರಿಮಂಡಲವನ್ನು ಕೇಳದೆ ಉತ್ತರಿಸುವಂತಿಲ್ಲ ಎಂದು ಹೋಕನ್ ಹೇಳಿ, ಗಡಿಯ ಕಡೆಗಿರುವ ನೀಬೆರ್ಗ್‌ಸುಂಡ್ ಎಂಬ ಹಳ್ಳಿಗೆ ಹೋಗಿ ಮಂತ್ರಿಗಳನ್ನು ಸೇರಿಕೊಂಡರು.

ಅಲ್ಲಿ ಅವರು ಆಡಿದ ಮಾತಿನ ಸಾರವನ್ನು ನಿಧಾನವಾಗಿ ಓದಬೇಕೆಂದು ನನ್ನ ಕೋರಿಕೆ. ಬೇಡಿಕೆಯನ್ನು ತಿರಸ್ಕರಿಸಿದರೆ ಜನರಿಗೂ ದೇಶಕ್ಕೂ ಒದಗುವ ಕಷ್ಟದ ಹೊಣೆ ತಮ್ಮ ಮೇಲೆ ಬರುತ್ತದೆ, ಅದನ್ನು ಹೊರಲು ತಮಗೆ ಭಯವಾಗುತ್ತದೆ ಎಂದು ಅವರು ಮೊದಲು ಒಪ್ಪಿಕೊಂಡರು. ತೀರ್ಮಾನ ಮಾಡಬೇಕಾದದ್ದು ಸರ್ಕಾರ. ತಮ್ಮ ನಿಲುವಿನಿಂದ ಸರ್ಕಾರದ ಕೈ ಕಟ್ಟಿಹಾಕಿದಂತಾಗಬಾರದು. ಆದರೆ ಜನರಿಗೂ ಅವರ ಪ್ರತಿನಿಧಿಗಳಾದ ಸ್ಟೋರ್ಟಿಂಗ್‌ಗೂ ವಿಶ್ವಾಸವಿಲ್ಲವೆಂದು ತಮಗೆ ತಿಳಿದಿರುವ ಕ್ವಿಸ್ಲಿಂಗ್‌ನನ್ನು ನೇಮಿಸಲು ತಮ್ಮಿಂದಾಗದು. ಹಾಗೆ ಮಾಡಿದರೆ ಸುಮಾರು ಮೂವತ್ತೈದು ವರ್ಷಗಳ ಹಿಂದೆ ಈ ದೇಶಕ್ಕೆ ಬಂದಂದಿನಿಂದ ರಾಜನ ಕರ್ತವ್ಯವೆಂದು ತಾವು ನಂಬಿಕೊಂಡು ಬಂದದ್ದಕ್ಕೆಲ್ಲ ವಿರುದ್ಧವಾಗಿ ನಡೆದಂತಾಗುತ್ತದೆ. ಸರ್ಕಾರ ಬೇಡಿಕೆಯನ್ನು ಒಪ್ಪುವುದಾದರೆ ತಮಗೂ ತಮ್ಮ ಕುಟುಂಬಕ್ಕೂ ಸಿಂಹಾಸನವನ್ನು ತ್ಯಜಿಸುವುದೊಂದೇ ದಾರಿ.

ಇಲ್ಲಿ ಅವರು ‘ಇಲ್ಲ’ ಎಂದದ್ದು ವೀರಾವೇಶದಿಂದ ಅಲ್ಲ ಎಂಬುದನ್ನು ಗಮನಿಸಿ. ರಾಜನಾಗಿ ಸರ್ಕಾರಕ್ಕೆ ಆಜ್ಞೆ ಮಾಡುವ ಅಧಿಕಾರ ತನಗಿಲ್ಲ ಎಂಬ ಅರಿವು, ಜನರು ಒಪ್ಪದವನ ಕೈಗೆ ಜನರ ಹೆಸರಿನಲ್ಲಿ ಅಧಿಕಾರ ಕೊಡುವ ಹಕ್ಕೂ ತನಗಿಲ್ಲ ಎಂಬ ಅರಿವು, ಎರಡೂ ಆ ಮಾತಿನಲ್ಲಿವೆ. ಜನರ ಮತವಿಲ್ಲದೆ ತಾನೇ ರಾಜನಾಗಲು ಒಪ್ಪದಿದ್ದವರು, ಜನರ ಮತವಿಲ್ಲದ ಪ್ರಧಾನಿಯನ್ನು ಹೇಗೆ ನೇಮಿಸಿಯಾರು? ಮಂತ್ರಿಮಂಡಲ ಒಮ್ಮತದಿಂದ ರಾಜರ ಜೊತೆ ನಿಂತಿತು. ಓಸ್ಲೋಗೆ ಮರಳುತ್ತಿದ್ದ ಬ್ರಾಯರ್‌ಗೆ ವಿದೇಶಾಂಗ ಮಂತ್ರಿ ಹಾಲ್ವ್‌ದಾನ್ ಕೂತ್ ದೂರವಾಣಿಯಲ್ಲಿ ನಿರಾಕರಣೆಯನ್ನು ತಿಳಿಸಿದರು. ಬ್ರಾಯರ್ ಆ ಉತ್ತರವನ್ನು ಕೇಳಿಸಿಕೊಂಡದ್ದು 1814ರ ಸಂವಿಧಾನ ರಚನೆಯಾದ ಐಡ್ಸ್‌ವೋಲ್‌ನಲ್ಲಿ.

ಏಪ್ರಿಲ್ 11ರಂದು ಜರ್ಮನ್ ವಿಮಾನಗಳು ನೀಬೆರ್ಗ್‌ಸುಂಡ್ ಮೇಲೆ ಬಾಂಬು ಸುರಿಸಿದವು. ರಾಜರು, ಯುವರಾಜ ಓಲಾವ್ ಮತ್ತು ಮಂತ್ರಿಗಳು ಹಳ್ಳಿಯಂಚಿನ ಕಾಡಿಗೆ ಓಡಿ ಮರಗಳ ಮರೆಯಲ್ಲಿ, ಆಳವಾದ ಹಿಮದಲ್ಲಿ ನಿಂತು ಜೀವ ಉಳಿಸಿಕೊಂಡರು. ಸ್ವೀಡನ್ನಿನ ಗಡಿ ಹತ್ತಿರದಲ್ಲಿಯೇ ಇತ್ತು. ಆದರೆ ಅತ್ತ ದಾಟಿದರೆ ಮರಳಿ ಬರಲು ಬಿಡುವರೆಂಬ ಭರವಸೆ ಸಿಗಲಿಲ್ಲ. ಹಾಗಾಗಿ ಅವರು ದೇಶದೊಳಗೇ ಕಣಿವೆಯಿಂದ ಕಣಿವೆಗೆ ಸಾಗಿ ಪಶ್ಚಿಮ ಕರಾವಳಿಯ ಮೋಲ್ಡೆ ಪಟ್ಟಣವನ್ನು ಸೇರಿದರು. ಅಲ್ಲಿ ಬಾಂಬು ಬೀಳುತ್ತಿದ್ದಾಗ ಒಂದು ಬರ್ಚ್ ಮರದ ಬುಡದಲ್ಲಿ ತಂದೆ–ಮಗ ನಿಂತಿರುವ ಛಾಯಾಚಿತ್ರವನ್ನು ನೀವು ನೋಡಿರಬಹುದು. ಏಪ್ರಿಲ್ 29ರಂದು ಬ್ರಿಟಿಷ್ ಯುದ್ಧನೌಕೆ ‘ಗ್ಲಾಸ್ಗೋ’ ಅವರನ್ನು ಉತ್ತರದ ಟ್ರೋಮ್ಸೋ ಕಡೆಗೆ ಒಯ್ದಿತು. ಫ್ರಾನ್ಸಿನಲ್ಲಿ ಸೋಲುತ್ತಿದ್ದ ಮಿತ್ರಪಡೆಗಳು ನಾರ್ವೆಯಿಂದ ಹಿಂತೆಗೆದ ಮೇಲೆ ಅಲ್ಲಿಯೂ ಉಳಿಯುವಂತಿರಲಿಲ್ಲ. ಜೂನ್ 7ರಂದು, ಒಕ್ಕೂಟ ಮುರಿದ ಅದೇ ತಾರೀಖಿನಂದು, ‘ಡೆವನ್‌ಶೈರ್’ ಹಡಗಿನಲ್ಲಿ ಅವರು ದೇಶವನ್ನು ಬಿಟ್ಟರು. ದಾಳಿಯ ಮೊದಲ ದಿನಕ್ಕೂ ಈ ದಿನಕ್ಕೂ ನಡುವೆ ಎರಡು ತಿಂಗಳ ಹೋರಾಟವಿದೆ. ‘ಓಡಿಹೋದರು’ ಎಂಬ ಮಾತು ಅವರಿಗೆ ಅಂಟದಿರಲು ಇದೂ ಒಂದು ಕಾರಣ.

ಇನ್ನೊಂದು ಕಾರಣ ಅದೇ ಬೇಸಿಗೆಯ ಒಂದು ಪತ್ರ. ಆಕ್ರಮಿತ ಓಸ್ಲೋದಲ್ಲಿ ಜರ್ಮನರ ಒತ್ತಡಕ್ಕೆ ಸಿಲುಕಿದ ಸ್ಟೋರ್ಟಿಂಗ್ ಅಧ್ಯಕ್ಷ ಮಂಡಳಿ, ದೇಶದ ಹಿತಕ್ಕಾಗಿ ತಾವು ಸಿಂಹಾಸನವನ್ನು ತ್ಯಜಿಸಬೇಕೆಂದು ರಾಜರಿಗೆ ಬರೆಯಿತು. ಅವರಿಗಿದು ನಿಜವಾದ ಪರೀಕ್ಷೆಯಾಗಿತ್ತು. ಏಕೆಂದರೆ ಸ್ಟೋರ್ಟಿಂಗ್ ಮಾತನ್ನು ಮೀರುವ ರಾಜ ತಾನಲ್ಲ ಎಂಬುದೇ ಅವರ ಇಡೀ ಬಾಳಿನ ನಂಬಿಕೆ. ಜುಲೈ 3ರಂದು ಅವರು ಕೊಟ್ಟ ಉತ್ತರದ ತಿರುಳು ಇಷ್ಟು: ವಿದೇಶಿ ಸೇನೆಯ ಒತ್ತಡದಲ್ಲಿ ಹೊರಟ ಈ ಕೋರಿಕೆಯನ್ನು ಸ್ವತಂತ್ರ ಜನತೆಯ ಸ್ವತಂತ್ರ ನಿರ್ಧಾರವೆಂದು ನಾನು ಎಣಿಸಲಾರೆ, ಹಾಗೆಂದು ನನಗೆ ನಂಬಿಕೆ ಬಂದಿದ್ದರೆ ಎಷ್ಟೇ ನೋವಾದರೂ ಇಳಿಯುತ್ತಿದ್ದೆ. ಈ ಉತ್ತರವನ್ನು ಅವರೇ ಬಿಬಿಸಿಯಲ್ಲಿ ಓದಿದರು. ಪ್ರತಿಗಳು ಕೈಯಿಂದ ಕೈಗೆ ದೇಶದೊಳಗೆ ಹರಡಿದವು. ಸೆಪ್ಟೆಂಬರ್ 25ರಂದು ಹಿಟ್ಲರನ ಪ್ರತಿನಿಧಿ ಯೋಸೆಫ್ ಟೆರ್ಬೋವೆನ್ ರಾಜರು ಪದಚ್ಯುತರಾಗಿದ್ದಾರೆಂದು ಘೋಷಿಸಿದ. ಜನ ಅದಕ್ಕೆ ಗೋಡೆಗಳ ಮೇಲೆ, ರಸ್ತೆಯ ಹಿಮದ ಮೇಲೆ ‘ಎಚ್’ ಅಕ್ಷರದೊಳಗೆ ಏಳರ ಅಂಕಿಯನ್ನು ಸೇರಿಸಿದ ರಾಜರ ಗುರುತನ್ನು ಬರೆದು ಉತ್ತರ ಕೊಟ್ಟರು. 1942ರ ಆಗಸ್ಟ್ 3ರಂದು, ರಾಜರ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ, ಅಂಗಿಗೆ ಹೂ ಸಿಕ್ಕಿಸಿಕೊಂಡು ಹೊರಬಂದವರನ್ನು ಬಂಧಿಸಿದರು.

ಲಂಡನ್ನಿನಲ್ಲಿ ಅವರು ಸುಮ್ಮನೆ ಕುಳಿತಿರಲಿಲ್ಲ. ಅಲ್ಲಿಯೂ ಮಂತ್ರಿಮಂಡಲದ ಸಭೆಗಳು ಕ್ರಮವಾಗಿ ನಡೆದವು. ಸಾವಿರ ಹಡಗುಗಳ ನಾರ್ವೆಯ ವಾಣಿಜ್ಯ ನೌಕಾಪಡೆಯನ್ನು ಸರ್ಕಾರವೇ ವಶಕ್ಕೆ ತೆಗೆದುಕೊಂಡು ಮಿತ್ರರಾಷ್ಟ್ರಗಳ ಸಾಗಣೆಗೆ ಒದಗಿಸಿತು. ಅದರ ಗಳಿಕೆಯಿಂದ ಸರ್ಕಾರ ಯಾರ ಮುಂದೆಯೂ ಕೈಚಾಚದೆ ನಡೆಯಿತು. ಇದಕ್ಕೆ ಬೆಲೆ ತೆತ್ತವರು ನಾವಿಕರು. ಮೂರು ಸಾವಿರಕ್ಕೂ ಹೆಚ್ಚು ಮಂದಿ ಸಮುದ್ರದಲ್ಲಿ ಪ್ರಾಣ ಬಿಟ್ಟರು. ರಾಜರ ಕಥೆ ಹೇಳುವಾಗ ಅವರನ್ನು ಮರೆಯಬಾರದು.

ಅಣ್ಣ ಹತ್ತನೆಯ ಕ್ರಿಶ್ಚಿಯನ್ ಬಗ್ಗೆ ಕೇಳಿದ್ದೀರಿ. ಅಣ್ಣ ಹೇಡಿ, ತಮ್ಮ ಶೂರ ಎಂದು ತೂಗುವುದು ನ್ಯಾಯವಲ್ಲ. ಡೆನ್ಮಾರ್ಕ್ ಪುಟ್ಟ ಬಯಲು ನಾಡು, ಜರ್ಮನಿಗೆ ನೆಲದ ಗಡಿಯಿಂದಲೇ ಅಂಟಿಕೊಂಡಿದೆ. ಹಿಂದೆಗೆದು ಹೋರಾಡಲು ಅಲ್ಲಿ ಕಾಡುಕಣಿವೆಗಳಿರಲಿಲ್ಲ. ಚುನಾಯಿತ ಸರ್ಕಾರವನ್ನು ಜರ್ಮನರು ಅಲ್ಲಿ ಮೊದಲಿಗೆ ಉಳಿಯಗೊಟ್ಟರು. ಕ್ವಿಸ್ಲಿಂಗ್‌ನಂಥವನನ್ನು ನೇಮಿಸೆಂದು ಅಣ್ಣನನ್ನು ಆ ದಿನ ಕೇಳಲೂ ಇಲ್ಲ. ಕ್ರಿಶ್ಚಿಯನ್ ಪ್ರತಿದಿನ ಕಾವಲಿಲ್ಲದೆ ಕುದುರೆಯೇರಿ ಕೋಪನ್‌ಹೇಗನ್ನಿನ ಬೀದಿಗಳಲ್ಲಿ ಹೋಗುತ್ತಿದ್ದುದು ಅಲ್ಲಿನವರಿಗೆ ಧೈರ್ಯ ತುಂಬುತ್ತಿತ್ತು. ಆದರೆ ಯಹೂದಿಯರಿಗೆ ಬೆಂಬಲವಾಗಿ ಅವರು ಹಳದಿ ನಕ್ಷತ್ರವನ್ನು ಧರಿಸಿದರೆಂಬ ಕಥೆ, ಎಷ್ಟೇ ಹರಡಿದ್ದರೂ, ನಿಜವಲ್ಲ. ಡೆನ್ಮಾರ್ಕಿನಲ್ಲಿ ಆ ನಕ್ಷತ್ರವನ್ನು ಯಹೂದಿಯರ ಮೇಲೆ ಹೇರಲೇ ಇಲ್ಲ. ಅಲ್ಲಿನ ಸರ್ಕಾರವೂ 1943ರ ಆಗಸ್ಟಿನಲ್ಲಿ ಜರ್ಮನರ ಬೇಡಿಕೆಗಳನ್ನು ತಿರಸ್ಕರಿಸಿ ಕೆಲಸ ನಿಲ್ಲಿಸಿತು. ಸೋದರರಿಬ್ಬರ ಮುಂದೆ ಬಂದ ಪ್ರಶ್ನೆಗಳೇ ಬೇರೆಬೇರೆಯಾಗಿದ್ದವು.

1945ರ ಮೇ ತಿಂಗಳಲ್ಲಿ ಯುವರಾಜ ಓಲಾವ್ ಮೊದಲು ಮರಳಿದರು. ರಾಜರು ‘ನಾರ್‌ಫೋಕ್’ ಹಡಗಿನಲ್ಲಿ ಓಸ್ಲೋ ತಲುಪಿದ್ದು ಮತ್ತೆ ಜೂನ್ 7ರಂದು, ದೇಶ ಬಿಟ್ಟು ಸರಿಯಾಗಿ ಐದು ವರ್ಷಕ್ಕೆ. 1940ರ ಏಪ್ರಿಲ್‌ನಲ್ಲಿ ತಾಯಿಯೊಡನೆ ಸ್ವೀಡನ್ನಿಗೆ ಹೋಗಿ, ಅಲ್ಲಿಂದ ಅಮೆರಿಕ ಸೇರಿದ್ದ ಮೊಮ್ಮಗ ಹಾರಾಲ್ದ್ ಕೂಡ ಅಂದು ಜೊತೆಗಿದ್ದ. ಹೋಕನ್ ಡೆನ್ಮಾರ್ಕಿನಲ್ಲಿ ಹುಟ್ಟಿದವರು, ಓಲಾವ್ ಇಂಗ್ಲೆಂಡಿನಲ್ಲಿ. ನಾರ್ವೆಯ ನೆಲದಲ್ಲಿ 1937ರಲ್ಲಿ ಹುಟ್ಟಿದ ಹಾರಾಲ್ದ್, ಐನೂರಕ್ಕೂ ಹೆಚ್ಚು ವರ್ಷಗಳ ಬಳಿಕ ಅಲ್ಲಿ ಜನಿಸಿದ ಮೊದಲ ರಾಜಕುಮಾರ. ಉಳಿದ ಹನ್ನೆರಡು ವರ್ಷಗಳು ಶಾಂತವಾಗಿ ಕಳೆದವು. ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ ಜನ ಚಂದಾ ಎತ್ತಿ ಒಂದು ವಿಹಾರ ನೌಕೆಯನ್ನು ಉಡುಗೊರೆ ಕೊಟ್ಟರು. ಹಳೆಯ ನೌಕಾಧಿಕಾರಿಗೆ ಅದಕ್ಕಿಂತ ಪ್ರಿಯವಾದದ್ದು ಇರಲಾರದು. 1955ರಲ್ಲಿ ಬಚ್ಚಲುಮನೆಯಲ್ಲಿ ಜಾರಿಬಿದ್ದು ತೊಡೆಯ ಮೂಳೆ ಮುರಿದ ಮೇಲೆ ಅವರು ಗಾಲಿಕುರ್ಚಿಗೆ ಸೀಮಿತರಾದರು. ರಾಜಕಾರ್ಯಗಳನ್ನು ಓಲಾವ್ ನೋಡಿಕೊಂಡರು. 1957ರ ಸೆಪ್ಟೆಂಬರ್ 21ರಂದು, ಎಂಬತ್ತೈದನೆಯ ವಯಸ್ಸಿನಲ್ಲಿ, ಓಸ್ಲೋ ಅರಮನೆಯಲ್ಲಿ ಅವರು ತೀರಿಕೊಂಡರು.

ನೀವು ಎಂದಾದರೂ ಓಸ್ಲೋಗೆ ಹೋದರೆ ಬಂದರಿನ ಪಕ್ಕದ ಆಕೆರ್ಸ್‌ಹುಸ್ ಕೋಟೆಯನ್ನು ನೋಡಿ. ಹೋಕನ್ ಮತ್ತು ಮಾಡ್ ಅವರ ಸಮಾಧಿ ಅಲ್ಲಿದೆ. ಅದೇ ಕೋಟೆಯ ಆವರಣದಲ್ಲಿ, ಜರ್ಮನರು ಗುಂಡಿಕ್ಕಿ ಕೊಂದ ನಾರ್ವೆಯ ಹೋರಾಟಗಾರರ ಸ್ಮಾರಕವೂ ಇದೆ. ಬಹುತೇಕ ಆ ಹೋರಾಟಗಾರರು ಲಂಡನ್ನಿನಿಂದ ಬರುತ್ತಿದ್ದ ರಾಜರ ದನಿಯನ್ನು ಕದ್ದುಮುಚ್ಚಿ ಕೇಳಿದ್ದ ತಲೆಮಾರಿನವರು.